ಸವದತ್ತಿ ಕಡೆಯ ಜ್ವಾಲಾಮುಖಿ

ಹಿಮ್ಮಡಿ ತಿಕ್ಕುವ ಕಲ್ಲಿನಲ್ಲಿ ಇಷ್ಟು ತರಹ ಇವೆಯೆಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ರಾಮದುರ್ಗದ ಸಂತೆಯಲ್ಲಿ ಒಬ್ಬಾಕೆ ಗೋಣಿತಾಟಿನ ಮೇಲೆ ಅವನ್ನೆಲ್ಲ ಹರವಿಕೊಂಡು ಕೂತಿದ್ದಳು. ಪ್ಲಾಸ್ಟಿಕ್ ಹಿಡಿಕೆಯವು, ಮೀನಿನ ಆಕಾರದವು, ಒಂದು ಬದಿಗೆ ಬ್ರಷ್ ಅಂಟಿಸಿದವು. ಎಲ್ಲದರ ಆಚೆ, ಯಾರಿಗೂ ಬೇಡವಾಗಿ, ಮೈತುಂಬ ತೂತು ಬಿದ್ದ ಒಂದು ಕರಿಕಲ್ಲು. ನಾನು ಅದನ್ನೇ ಎತ್ತಿಕೊಂಡೆ.

"ಅದ ಬ್ಯಾಡ್ರಿ ಅಕ್ಕಾರ, ಭಾಳ ಒರಟ ಐತಿ. ಈ ಮೆತ್ತಂದು ಒಯ್ಯಿರಿ" ಎಂದಳು.

ಪಾಪ, ಆಕೆ ನನ್ನ ಹಿಮ್ಮಡಿ ನೋಡಿರಲಿಲ್ಲ. ನಮ್ಮ ಯಜಮಾನರ ಪ್ರಕಾರ ಅದು ಬೇಸಿಗೆಯ ಎರೆಹೊಲ. ಬಿರುಕಿನಲ್ಲಿ ಕೋಳಿಮರಿ ಬಿದ್ದರೆ ಮತ್ತೆ ಸಿಗುವುದಿಲ್ಲವಂತೆ. ಆ ಮಾತಿಗೆ ನಾನು ಸಿಟ್ಟಾಗುವುದಿಲ್ಲ. ಈ ಹಿಮ್ಮಡಿಗಳು ಒಂದು ಕಾಲಕ್ಕೆ ಜ್ವಾಲಾಮುಖಿ ನೋಡಲೆಂದು ನಾಲ್ಕು ದಿನ ಬರಿಗಾಲಲ್ಲಿ ನಡೆದಿವೆ. ಅಷ್ಟು ದುಡಿದ ಮೇಲೆ ಸ್ವಲ್ಪ ಬಿರಿದರೆ ತಪ್ಪೇನು?

ಜ್ವಾಲಾಮುಖಿ ಎಂದೊಡನೆ ನೀವು ಜಪಾನು, ಇಟಲಿ ಎಂದೆಲ್ಲ ಊಹಿಸಿಕೊಂಡು ನನ್ನ ಮೇಲೆ ಇಲ್ಲದ ಗೌರವ ತಾಳುವ ಮೊದಲೇ ಹೇಳಿಬಿಡುತ್ತೇನೆ. ನಾವು ಹೊರಟದ್ದು ಬೈಲಹೊಂಗಲದಿಂದ ಸವದತ್ತಿಯ ಕಡೆಗೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬೈಲಹೊಂಗಲದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ಮೂವರು: ನಾನು, ಕಿತ್ತೂರಿನ ಕಸ್ತೂರಿ, ಸಿರಸಂಗಿಯ ಮಹಾದೇವಿ. ಕಸ್ತೂರಿ ಕಿರಾಣಿ ಅಂಗಡಿಯವರ ಮಗಳು. ಗಿರಾಕಿ ಏನು ಕೇಳಿದರೂ 'ಇಲ್ಲ' ಅನ್ನಬಾರದೆಂಬುದು ಅವರ ಅಂಗಡಿಯ ನೇಮವಂತೆ. ಅವಳು ಅದನ್ನು ಬದುಕಿಗೂ ಹಚ್ಚಿಕೊಂಡಿದ್ದಳು. ಯಾವ ತೊಂದರೆ ಹೇಳಿದರೂ ಒಂದು ಉಪಾಯ ತೂಗಿ ಕಟ್ಟಿ ಕೊಡುವಳು. ಉಪಾಯ ಸರಿಯಿರಬೇಕೆಂಬ ನೇಮವೇನೂ ಇರಲಿಲ್ಲ.

ಮಹಾದೇವಿ ಕಂಬಾರ ಕಾಳಪ್ಪನವರ ಮಗಳು. ಅವರ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹೆಣ್ಣು. ಮಾತು ಕಡಿಮೆ, ಕೆಲಸ ಜಾಸ್ತಿ. ಸಣ್ಣಂದಿನಿಂದ ಅಪ್ಪನ ಕುಲುಮೆಯಲ್ಲಿ ತಿದಿ ಎಳೆದು ಎಳೆದು ಅವಳ ತೋಳು ನಮ್ಮಿಬ್ಬರ ತೋಳು ಕೂಡಿಸಿದಷ್ಟು ಗಟ್ಟಿಯಿತ್ತು. ನನಗೆ ಟೈಫಾಯಿಡ್ ಆಗಿ ಮೂರು ವಾರ ಮಲಗಿದಾಗ ನನ್ನ ಪಾಠ ಯೋಜನೆಗಳನ್ನೆಲ್ಲ ನನ್ನದೇ ಕೆಟ್ಟ ಅಕ್ಷರದಲ್ಲಿ ಬರೆದುಕೊಟ್ಟವಳು ಅವಳು. ಗಂಜಿ ಕುಡಿಸಿದವಳು, ಸಿಕ್ಕುಗಟ್ಟಿದ ನನ್ನ ತಲೆಯನ್ನು ಒಂದು ಮಾತೂ ಆಡದೆ ಬಿಡಿಸಿ ಜಡೆ ಹೆಣೆದವಳು ಅವಳೇ. ನನಗೆ ಅವಳನ್ನು ಕಂಡರೆ ಬಹಳ ಪ್ರೀತಿ. ಆಗ ಅದನ್ನು ಹೇಳಲು ಬರಲಿಲ್ಲ, ಈಗ ಹೇಳುತ್ತಿದ್ದೇನೆ.

ತರಬೇತಿಯಲ್ಲಿ ಅಭ್ಯಾಸ ಪಾಠ ಎಂದು ಇರುತ್ತದೆ. ಹತ್ತಿರದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಹೇಳಬೇಕು. ಗೆಳತಿಯರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಒಪ್ಪು ಬರೆದುಕೊಳ್ಳಬೇಕು. ನಮ್ಮ ಉಪನ್ಯಾಸಕರೊಬ್ಬರು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಮಹಾದೇವಿಗೆ ಮೊದಲ ಪಾಠ ಸಿಕ್ಕಿದ್ದು ಐದನೆಯ ಇಯತ್ತೆಗೆ, ಜ್ವಾಲಾಮುಖಿ. ಎರಡು ದಿನ ಕೂತು ಮಣ್ಣಿನಲ್ಲಿ ಗುಡ್ಡ ಮಾಡಿದಳು. ನೆತ್ತಿಯಲ್ಲಿ ತೂತು ಬಿಟ್ಟು ಒಳಗೆ ನಾಲ್ಕು ಊದಿನಕಡ್ಡಿ ಹಚ್ಚಿದಳು. ಹೊಗೆ ಚೆನ್ನಾಗಿಯೇ ಬಂತು. ಮೊದಲ ಸಾಲಿನ ಇಬ್ಬರು ಮಕ್ಕಳು ವಾಸನೆಗೆ ಕೈಮುಗಿದರು.

ಅಷ್ಟರಲ್ಲಿ ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಮುಂದಿನ ಹಲ್ಲು ಒಂದು ಇಲ್ಲ.

"ಅಕ್ಕೋರ, ನೀವು ಖರೇ ಖರೇ ಜ್ವಾಲಾಮುಖಿ ನೋಡೀರೇನ್ರಿ?"

ಮಹಾದೇವಿ ಒಮ್ಮೆ ಕೆಂಪು ಪೆನ್ನಿನ ಕಡೆ ನೋಡಿದಳು. "ನೋಡೇನಿ" ಎಂದಳು.

"ಎಲ್ಲೆ ಐತ್ರಿ?"

"ಅದು... ಸವದತ್ತಿ ಕಡೆ."

"ನಾವು ಬನದ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ ಹೋಗತೇವ್ರಿ! ನಮ್ಮವ್ವಗ ಹೇಳಿ ನಾನೂ ನೋಡಿ ಬರತೇನ್ರಿ!"

ಇಡೀ ವರ್ಗ ಆ ಹುಡುಗಿಯ ಕಡೆ ಹೊಟ್ಟೆಕಿಚ್ಚಿನಿಂದ ನೋಡಿತು. ಉಪನ್ಯಾಸಕರು ಯಾವ ಲೋಕದಲ್ಲಿದ್ದರೋ, ಮಹಾದೇವಿಯ ಪುಸ್ತಕದಲ್ಲಿ 'ಸ್ಥಳೀಯ ಉದಾಹರಣೆ ನೀಡಿದ್ದು ಉತ್ತಮ' ಎಂದು ಬರೆದು ಸಹಿ ಹಾಕಿದರು.

ಆ ಸಂಜೆ ಮಹಾದೇವಿ ಟ್ರಂಕು ತುಂಬತೊಡಗಿದಳು. ನಾವು ಮೊದಲು ನಕ್ಕೆವು. ಅವಳು ನಗಲಿಲ್ಲ.

"ನಮ್ಮಪ್ಪ ಹದಾ ಕೊಡಲಾರದ ಕುಡಗೋಲು ಇವತ್ತಿನ ತನಕ ಯಾರ ಕೈಯಾಗೂ ಕೊಟ್ಟಿಲ್ಲ" ಎಂದಳು. "ನಾ ಮೊದಲನೇ ದಿನಾನ ಕೊಟ್ಟೆ. ಆ ಹುಡುಗಿ ಗುಡ್ಡಕ್ಕ ಹೋಗಿ ಹುಡುಕಿ ಬಂದು, ಇಲ್ಲ ಅಕ್ಕೋರ ಅಂದ್ರ, ನಾ ಯಾವ ಬಾಯಿಲೆ ಪಾಠ ಹೇಳಲಿ? ನನಗ ಈ ಕೆಲಸ ಬರೂದಿಲ್ಲ. ಊರಿಗೆ ಹೋಗತೇನಿ."

ಇಷ್ಟು ಸಣ್ಣ ಸುಳ್ಳಿಗೆ ಯಾರಾದರೂ ತರಬೇತಿ ಬಿಡುತ್ತಾರೆಯೇ ಎಂದು ನನಗೆ ಅನಿಸಿತು. ಅದಕ್ಕೆ ಕಾರಣವಿದೆ. ಆ ವಿಷಯದಲ್ಲಿ ನಾನು ಅವಳಿಗಿಂತ ಬಹಳ ಮುಂದೆ ಹೋದವಳು. ನಾನು ಬೆಳೆದದ್ದು ರಾಮದುರ್ಗದಲ್ಲಿ. ನಮ್ಮ ಊರಿಗೆ ರೈಲಿಲ್ಲ. ರೈಲಿಲ್ಲದ ಊರಿನ ಮಕ್ಕಳಲ್ಲಿ ರೈಲು ನೋಡಿದವರು, ನೋಡದವರು ಎಂದು ಎರಡು ಜಾತಿ. ನಾನು ಮೂರನೆಯ ಇಯತ್ತೆಯಲ್ಲೇ ಹೇಳದೆ ಕೇಳದೆ ಮೇಲಿನ ಜಾತಿಗೆ ಸೇರಿಕೊಂಡಿದ್ದೆ. ಮಲಪ್ರಭೆಯ ದಂಡೆಯ ಮರಳಿನಲ್ಲಿ ಗೆಳತಿಯರನ್ನು ಕೂರಿಸಿಕೊಂಡು ರೈಲಿನ ವರ್ಣನೆ ಮಾಡುತ್ತಿದ್ದೆ. ಕೈ ಅಡ್ಡ ಹಿಡಿದರೆ ರೈಲು ನಿಲ್ಲುತ್ತದೆ, ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ರೈಟ್ ರೈಟ್ ಅನ್ನುತ್ತಾನೆ, ತಿರುವಿನಲ್ಲಿ ಡ್ರೈವರ್ ಸ್ಟಿಯರಿಂಗ್ ತಿರುಗಿಸುವಾಗ ಎಲ್ಲರೂ ಒಂದು ಕಡೆ ವಾಲುತ್ತಾರೆ. ಯಾರೂ ಅನುಮಾನಪಡಲಿಲ್ಲ. ಅದರಲ್ಲೊಬ್ಬಳು ಮುಂದೆ ಧಾರವಾಡದ ಸ್ಟೇಶನ್ನಿನಲ್ಲಿ ಬಂದ ರೈಲಿಗೆ ಕೈ ಅಡ್ಡ ಹಿಡಿದಳಂತೆ. ರೈಲು ಅಲ್ಲಿ ಹೇಗೂ ನಿಲ್ಲಬೇಕಾಗಿತ್ತು, ನಿಂತಿತು. ನನ್ನ ಮರ್ಯಾದೆ ಉಳಿಯಿತು.

ಆದರೆ ಮಹಾದೇವಿಗೆ ನನ್ನಂಥ ದಪ್ಪ ಚರ್ಮ ಇರಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕಸ್ತೂರಿ ಉಪಾಯ ತೂಗಿದಳು.

"ಈ ಎರಿ ಮಣ್ಣು ಎಲ್ಲಿಂದ ಬಂತು? ಜ್ವಾಲಾಮುಖಿಯಿಂದ. ಭೂಗೋಳದಾಗ ಬರಿಸ್ಯಾರ, ಹೌದಿಲ್ಲೋ? ಹಂಗಾರ ಆ ಜ್ವಾಲಾಮುಖಿ ಎಲ್ಲ್ಯಾರ ಇರಬೇಕಲಾ! ಬೈಲಹೊಂಗಲ ಬರೀ ಬಯಲು. ಗುಡ್ಡ ಇರೂದು ಸವದತ್ತಿ ಕಡೇನ. ಅದರ ಬಾಯಿ ಹುಡುಕಿ ನೋಡಿ ಬಂದ್ರ ಮುಗೀತು, ಸುಳ್ಳು ಖರೇ ಆಗತೈತಿ!"

ಈಗ ಬರೆಯುವಾಗ ನಗು ಬರುತ್ತದೆ. ಆಗ ನಾನು ಶಾಲೆಯ ಅಟ್ಲಾಸ್ ತೆರೆದು, ಸ್ಕೇಲು ಇಟ್ಟು, "ಹೌದು, ಇರಬಹುದು" ಎಂದೆ. ಮುಂದಿನ ತಲೆಮಾರಿಗೆ ಭೂಗೋಳ ಕಲಿಸಲು ಸರಕಾರ ನಮ್ಮನ್ನೇ ತಯಾರು ಮಾಡುತ್ತಿತ್ತು.

ಮೂವರು ಹುಡುಗಿಯರನ್ನು ನಾಲ್ಕು ದಿನ ಹೊರಗೆ ಬಿಡುವವರು ಯಾರು? ಅದೇ ಹೊತ್ತಿಗೆ ದೇವರು ಕಳಿಸಿದ ಹಾಗೆ ಮಹಾದೇವಿಯ ಆಯಿ, ಅಂದರೆ ಕಾಳಪ್ಪನವರ ತಾಯಿ, ರೊಟ್ಟಿಯ ಬುತ್ತಿ ಹೊತ್ತುಕೊಂಡು ಹಾಸ್ಟೆಲಿಗೆ ಬಂದರು. ಎಪ್ಪತ್ತರ ಮುದುಕಿ, ಕಡ್ಡಿಯಂಥ ಮೈ, ಬಾಯಲ್ಲಿ ಸದಾ ಎಲೆಯಡಿಕೆ. ಮೊಮ್ಮಗಳು ಮಾಸ್ತರಿಕೆ ಪಾಸಾದರೆ ಯಲ್ಲಮ್ಮನಿಗೆ ನಡೆದು ಬರುತ್ತೇನೆಂದು ಅವರೊಂದು ಹರಕೆ ಹೊತ್ತಿದ್ದರು. ಈಗ ಮೊಮ್ಮಗಳ ಇಳಿದ ಮುಖ ನೋಡಿ, ಹರಕೆಯನ್ನು ಮುಂಗಡವಾಗಿಯೇ ತೀರಿಸುವುದೆಂದು ಅಲ್ಲೇ ನಿಶ್ಚಯಿಸಿದರು.

"ಮೊದಲ ತೀರಿಸಿಬಿಟ್ರ ಯಲ್ಲಮ್ಮಗೂ ನಾಚಿಕಿ ಬರತೈತಿ. ಪಾಸ್ ಮಾಡಸಲಾರದ ಎಲ್ಲಿ ಹೋಗತಾಳ?" ಎಂದರು.

ಹರಕೆ ಎಂದ ಮೇಲೆ ವಾರ್ಡನ್ ಬಾಯಿ ಎರಡನೆಯ ಪ್ರಶ್ನೆ ಕೇಳಲಿಲ್ಲ. ಬುಧವಾರ ಹೊರಟು, ನಾಲ್ಕು ದಿನ ನಡೆದು, ಗುಡ್ಡ ಮುಗಿಸಿ ಸಿರಸಂಗಿ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಸೋಮವಾರದೊಳಗೆ ವಾಪಸು ಬರುವುದು ಎಂದು ಚೀಟಿ ಬರೆದುಕೊಟ್ಟೆವು. ಮಹಾದೇವಿ ಮಾತ್ರ ಟ್ರಂಕಿನಿಂದ ತನ್ನ ಬಟ್ಟೆಯನ್ನೆಲ್ಲ ತೆಗೆದು ಗಂಟು ಕಟ್ಟಿಕೊಂಡಳು. ಜ್ವಾಲಾಮುಖಿಯ ಬಾಯಿ ಸಿಕ್ಕದಿದ್ದರೆ ಸಿರಸಂಗಿಯಿಂದ ಅವಳು ಹೊರಳಿ ಬರುವವಳಲ್ಲ ಎಂದು ನಮಗೆ ಗೊತ್ತಾಯಿತು.

ಊರ ಹೊರಗಿನ ಬೇವಿನ ಮರದ ಹತ್ತಿರ ಆಯಿ ನಮ್ಮ ಕಾಲು ನೋಡಿದರು. "ಯವ್ವಾ, ಆಕಿ ಹಂತೇಕ ಕಾಲಮರಿ ಹಾಕ್ಕೊಂಡು ಹೋಗತೀರೇನ?" ಎಂದು ಮೂವರ ಚಪ್ಪಲಿಯನ್ನೂ ಬಿಚ್ಚಿಸಿ ತಮ್ಮ ಚೀಲಕ್ಕೆ ಸೇರಿಸಿದರು. ಕಸ್ತೂರಿಯದು ಹೊಸ ಚಪ್ಪಲಿ. ಅವಳು ನಾಲ್ಕು ದಿನವೂ ಆ ಚೀಲವನ್ನು ನೋಡುತ್ತ ನೋಡುತ್ತ ನಡೆದಳು.

ನಡೆಯುವುದೆಂದರೆ ಏನು ಎಂದು ನನಗೆ ಗೊತ್ತಾದದ್ದು ಆವಾಗ. ಹೊಸ್ತಿಲ ಹುಣ್ಣಿಮೆ ಮುಗಿದು ಬನದ ಹುಣ್ಣಿಮೆಗೆ ಇನ್ನೂ ಎರಡು ವಾರ ಇತ್ತು. ಎರಡೂ ಕಡೆ ಎದೆಯುದ್ದ ಜೋಳ, ನಡುನಡುವೆ ಕಡಲೆ ಹೊಲ. ಕಡಲೆ ಗಿಡದ ಹುಳಿಗೆ ಬೆರಳು ಚುರುಗುಟ್ಟುತ್ತಿತ್ತು, ಆದರೂ ಕಿತ್ತು ತಿನ್ನುವುದು ಬಿಡಲಿಲ್ಲ. ಗುಡ್ಡದ ಕಡೆ ಬರಿಗಾಲಲ್ಲಿ ಹೊರಟ ನಾಲ್ವರು ಹೆಣ್ಣುಮಕ್ಕಳು ಎಂದರೆ ಆ ದಾರಿಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಹೊಲದಿಂದ ಓಡಿ ಬಂದು ಮಜ್ಜಿಗೆ ಕೊಡುವರು. ಕಟ್ಟೆಗೆ ಕೂರಿಸಿ ಜುಣಕ, ರೊಟ್ಟಿ ಉಣಿಸುವರು. ಒಬ್ಬಾಕೆ ನಮ್ಮ ಕಾಲಿಗೆ ನೀರು ಹಾಕಿ, ಹಣೆಗೆ ಭಂಡಾರ ಹಚ್ಚಿ, ತಾನು ಬರಲಾಗದ್ದಕ್ಕೆ ತನ್ನ ಪರವಾಗಿ ಒಂದು ಕಾಯಿ ಒಡೆಸಿರೆಂದು ಕೈಗೆ ಕೊಟ್ಟಳು. ಹೊತ್ತು ಮುಳುಗುವುದರೊಳಗೆ ನಮ್ಮ ಬಳಿ ಏಳು ಕಾಯಿ ಇದ್ದವು. ಜ್ವಾಲಾಮುಖಿ ಹುಡುಕಿ ಹೊರಟವರು ಏಳು ಮಂದಿಯ ಹರಕೆ ಹೊತ್ತು ನಡೆಯುತ್ತಿದ್ದೆವು. ನನಗೆ ಒಳಗೇ ನಾಚಿಕೆಯಾಗುತ್ತಿತ್ತು, ಉಣ್ಣುವಾಗ ಮಾತ್ರ ಆಗುತ್ತಿರಲಿಲ್ಲ.

ಮೊದಲ ದಿನವೇ ಒಂದು ಬದುವಿನ ಮೇಲೆ ಕಸ್ತೂರಿಗೆ ಕಲ್ಲು ಸಿಕ್ಕಿತು. ಕರಿಯದು, ಒಳಗೆಲ್ಲ ಗಾಳಿಗುಳ್ಳೆ ಒಡೆದಂಥ ತೂತು. "ಇದು ಸಾಕ್ಷಿ!" ಎಂದು ಚೀಲಕ್ಕೆ ಹಾಕಿಕೊಂಡಳು. ತೆಂಗಿನಕಾಯಿಯಷ್ಟು ದೊಡ್ಡ ಸಾಕ್ಷಿ. ಅರ್ಧ ದಾರಿ ಅದನ್ನು ಹೊತ್ತವಳು ನಾನು.

ಆ ರಾತ್ರಿ ಆಯಿಯ ಪರಿಚಯದವರ ಮನೆ, ಮರುದಿನ ಮುನವಳ್ಳಿಯಲ್ಲಿ ಕಸ್ತೂರಿಯ ಸೋದರತ್ತೆಯ ಮನೆ. ನಮ್ಮ ಅಂಗಾಲಿನ ಬೊಕ್ಕೆ ನೋಡಿ ಆ ಅತ್ತೆ ಕೊಬ್ಬರಿ ಎಣ್ಣೆಗೆ ಅರಿಷಿಣ ಹಾಕಿ ಕಾಸಿ ಹಚ್ಚಿದರು. ಮಹಾದೇವಿ ದಾರಿಯುದ್ದಕ್ಕೂ ಎದುರಿನ ಗುಡ್ಡದ ಸಾಲನ್ನೇ ನೋಡುತ್ತಿದ್ದಳು. "ಅಕಿ ಹಲ್ಲು ಬಿದ್ದಿತ್ತು ನೋಡಿದೇನು, ರೇಣುಕಾಂದು?" ಎಂದು ಇದ್ದಕ್ಕಿದ್ದಂತೆ ಕೇಳಿದಳು. ಎರಡು ದಿನದಲ್ಲಿ ಅವಳು ತಾನಾಗಿ ಆಡಿದ ಮಾತು ಅದೊಂದೇ.

ಮೂರನೆಯ ದಿನ ನವಿಲುತೀರ್ಥ. ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಜಾಗ, ಅಲ್ಲೇ ಅಣೆಕಟ್ಟು. ಕಡಿದಾದ ಬಂಡೆ ನೋಡಿದ್ದೇ ಕಸ್ತೂರಿ, "ಇದು ನೋಡ, ಇದು ಬಾಯಿ!" ಎಂದು ಕೂಗಿದಳು. ಹತ್ತಿರ ಹೋಗಿ ನೋಡಿದರೆ ಕಲ್ಲು ಕರಿಯದಲ್ಲ. ಕೆಂಪು, ಪದರ ಪದರ. ಒಂದು ತೂತಿಲ್ಲ.

ಅಲ್ಲಿ ನೀರಿನ ಮಟ್ಟ ಬರೆದುಕೊಳ್ಳುವ ಒಬ್ಬ ಹಿರಿಯ ನೌಕರರು ಇದ್ದರು. ನಮ್ಮ ಸಾಕ್ಷಿಯನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ನಮ್ಮ ಪ್ರಶ್ನೆಯನ್ನು ಪೂರ್ತಿ ಕೇಳಿದರು. ನಗಲಿಲ್ಲ, ಪುಣ್ಯಾತ್ಮರು.

"ಈ ಕಲ್ಲು ಬೆಂಕೀದ ಖರೆ. ಆದ್ರ ತಂಗೀ, ಇಲ್ಲಿ ಗುಡ್ಡದ್ದು ನೀರು ಮಾಡಿದ ಕಲ್ಲು. ಉಸುಕು ಕೂತು ಕೂತು ಆದದ್ದು. ಬೆಂಕಿ ಹರದದ್ದು ನೀವು ಬಂದ ಕಡೇನ. ಬೈಲಹೊಂಗಲದಾಗ ನೀವು ಅದರ ಮ್ಯಾಲೇ ಕುಂತಿದ್ರಿ."

"ಅದರ ಬಾಯಿ ಎಲ್ಲೈತ್ರಿ ಹಂಗಾರ?" ಎಂದಳು ಮಹಾದೇವಿ.

"ಬಾಯಿ ಇಲ್ಲ, ಗುಡ್ಡಾನೂ ಇಲ್ಲ. ನೆಲ ಬಿರದು ಹರೀತಂತ, ಕೋಟಿಗಟ್ಟಲೆ ವರ್ಷದ ಹಿಂದ. ಎಲ್ಲಾ ಆರಿ ಮಣ್ಣಾಗಿ ನೀವೆಲ್ಲಾ ಜ್ವಾಳ ಬೆಳದು ಉಂಡೀರಲಾ, ಇನ್ನ ಎಲ್ಲಿ ಹುಡಕತೀರಿ?"

ಮೂರು ದಿನ ಬರಿಗಾಲಲ್ಲಿ ನಾವು ಜ್ವಾಲಾಮುಖಿಯಿಂದ ದೂರ ದೂರ ನಡೆದು ಬಂದಿದ್ದೆವು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಹಾದೇವಿ ಒಂದು ಬಂಡೆಯ ಮೇಲೆ ಕೂತು, "ನೀವು ಸಿರಸಂಗಿಯಿಂದ ಬಸ್ ಹಿಡದು ಹೋಗ್ರಿ. ನನ್ನ ಟ್ರಂಕು ಯಾರ ಕೈಯಾಗರ ಕಳಸ್ರಿ" ಎಂದಳು.

ಆಗ ಆಯಿಗೆ ಎಲ್ಲವನ್ನೂ ಹೇಳಬೇಕಾಯಿತು. ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದರು.

"ನೋಡಲಾರದ್ದು ನೋಡೇನಿ ಅಂದಿ? ಇಷ್ಟನಾ? ನಿಮ್ಮಜ್ಜನ್ನ ನೋಡೀಯೇನವಾ ಅಂತ ನಮ್ಮವ್ವ ಮದಿವಿಗಿ ಮೊದಲ ಕೇಳಿದ್ಳು. ನಾನೂ ಹೂಂ ನೋಡೇನಿ ಅಂದಿದ್ದೆ. ಎಲ್ಲಿ ನೋಡಿದ್ದೆ? ಅಕ್ಕಿಕಾಳ ಬಿದ್ದ ಮ್ಯಾಲೆ ನೋಡಿದ್ದು."

ನಾವು ನಕ್ಕೆವು. ಮಹಾದೇವಿಯ ಮುಖ ಮಾತ್ರ ಸಡಿಲಾಗಲಿಲ್ಲ. ಸಂಜೆ ಯಲ್ಲಮ್ಮನ ಗುಡ್ಡ ಏರಿ, ಏಳು ಮಂದಿಯ ಏಳು ಕಾಯಿ ಒಡೆಸಿದೆವು. ಅಲ್ಲಿ ಕಸ್ತೂರಿ ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ನಾನು ಮಹಾದೇವಿಯನ್ನು ಬೇಡಿಕೊಂಡೆ. ಆ ಕೋಣೆಯಲ್ಲಿ ಅವಳ ಹಾಸಿಗೆ ಖಾಲಿ ಇರುವುದು ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಶನಿವಾರ ಇಳಿಹೊತ್ತಿಗೆ ಸಿರಸಂಗಿ ಮುಟ್ಟಿದೆವು. ಕಾಳಪ್ಪ ಕಾಕಾ ಕುಲುಮೆಯಿಂದ ಎದ್ದು ಬಂದರು. ಎತ್ತರದ ಆಳು, ಮಗಳಿಗಿಂತ ಕಡಿಮೆ ಮಾತು. "ಬರ್ರಿ. ಕಾಲು ಬಿಸಿನೀರಾಗ ಇಡ್ರಿ" ಎಂದಷ್ಟೇ ಅಂದರು. ಊಟವಾದ ಮೇಲೆ ಆಯಿ ಪಡಸಾಲೆಯಲ್ಲಿ ಕೂತು ಮಗನಿಗೆ ಎಲ್ಲ ಹೇಳುವುದು ಕೇಳಿಸುತ್ತಿತ್ತು. ಮಹಾದೇವಿ ಬೈಗುಳಕ್ಕೆ ಕಾದು ಕೂತಳು. ಬೈಗುಳ ಬರಲಿಲ್ಲ. ಅವರು ಎದ್ದು ಹೋಗಿ ಮಲಗಿದರು.

ಭಾನುವಾರ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಕಾಕಾ ಕಸ್ತೂರಿಯ ಚೀಲದ ಮುಂದೆ ನಿಂತಿದ್ದರು.

"ತಂಗೀ, ಆ ಕಲ್ಲು ಕೊಡ."

ಕಲ್ಲನ್ನು ಸುತ್ತಿಗೆಯಿಂದ ಒಡೆದು ಅಡಿಕೆಯಷ್ಟು ಚೂರು ಮಾಡಿದರು. ಚೂರುಗಳನ್ನು ಕುಲುಮೆಯ ಅಂಚಿನಲ್ಲಿ, ಬೂದಿಯ ಮೇಲೆ ಹರವಿದರು. ಕಸ್ತೂರಿಗೆ ತಡೆಯಲಿಲ್ಲ. "ನಡುವ ಇಟ್ರ ಲಗೂ ಕಾಯೂದಿಲ್ಲೇನ್ರಿ ಕಾಕಾ?"

"ಕಲ್ಲಿನ ಹೊಟ್ಟ್ಯಾಗ ಹಸಿ ಇರತೈತಿ. ಒಮ್ಮಿಗೇ ಬೆಂಕಿಗೆ ಇಟ್ರ ಸಿಡದು ಕಣ್ಣು ಹೋಗತಾವು. ಮೊದಲ ಒಣಗಬೇಕು." ಹೀಗೆ ಹೇಳಿ, ಪಕ್ಕದ ಓಣಿಯ ಅಕ್ಕಸಾಲಿ ಪತ್ತಾರರ ಮನೆಗೆ ಹೋಗಿ, ಲೋಹ ಕರಗಿಸುವ ಮಣ್ಣಿನ ಮೂಸೆಯೊಂದನ್ನು ತಂದರು.

ಜೋಳದ ಸುಗ್ಗಿ ಹತ್ತಿರ ಬಂದ ದಿನಗಳು. ಕುಡಗೋಲು ಹದ ಹಾಕಿಸಲು ಮಂದಿ ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಕಾಕಾ ಎಲ್ಲರಿಗೂ ಒಂದೇ ಮಾತು ಹೇಳಿದರು: "ನಾಳೆ ಬರ್ರಿ. ಇವತ್ತು ಬ್ಯಾರೆ ಕೆಲಸ ಐತಿ." ಹಾಗೆ ಅವರು ಗಿರಾಕಿಗಳನ್ನು ಮರಳಿಸಿದ್ದನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ಮಹಾದೇವಿ ನನ್ನ ಕಿವಿಯಲ್ಲಿ ಹೇಳಿದಳು.

ಚೂರುಗಳು ಒಣಗಿದ ಮೇಲೆ ಮೂಸೆಗೆ ತುಂಬಿ, ಇದ್ದಲಿಯ ನಡುವೆ ಹುಗಿದು, ನಮ್ಮನ್ನು ಗೋಡೆಯ ಹಿಂದೆ ಸರಿಸಿ, ಕಾಕಾ ಮಗಳ ಕಡೆ ನೋಡಿದರು.

"ತಿದಿ ಎಳಿ."

ಮಹಾದೇವಿ ಸೆರಗು ಸಿಕ್ಕಿಸಿ ಕೂತಳು. ಒಂದು ತಾಸು ಎಳೆದಳು. ಕಲ್ಲು ಕೆಂಪಾಯಿತು, ಕರಗಲಿಲ್ಲ. ಕಾಕಾ ಇನ್ನೊಂದು ಬುಟ್ಟಿ ಇದ್ದಲಿ ಸುರಿದರು. ನಮ್ಮ ಕಡೆ ನೋಡಲಿಲ್ಲ, ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಅವಳು ಮತ್ತೆ ಎಳೆದಳು. ನಾನು ಎಳೆಯುತ್ತೇನೆಂದು ಹೋಗಿ ಹತ್ತು ಸಲ ಎಳೆದು ಉಸಿರುಗಟ್ಟಿ ಎದ್ದು ಬಂದೆ. ಕೆಂಪು ಕಿತ್ತಳೆಯಾಯಿತು. ಇದ್ದಲಿ ಕಣ್ಣಿಟ್ಟು ನೋಡಲಾಗದಷ್ಟು ಬೆಳ್ಳಗೆ ಉರಿಯಿತು. ಕಾಕಾ ಬಗ್ಗಿ, ಒಂದು ಕಬ್ಬಿಣದ ಸಲಾಕೆಯಿಂದ ಮೂಸೆಯೊಳಗೆ ತಿವಿದು ನೋಡಿದರು. ಸಲಾಕೆ ಎತ್ತಿದಾಗ ಅದರ ತುದಿಯಿಂದ ಒಂದು ಎಳೆ, ಬೆಲ್ಲದ ಪಾಕದ ಎಳೆಯ ಹಾಗೆ, ಕೆಂಪಗೆ ಜಗ್ಗಿ ಬಂತು.

ಕಾಕಾ ಇಕ್ಕಳದಿಂದ ಮೂಸೆಯನ್ನು ಹಿಡಿದು ಹೊರಗೆ ತೆಗೆದು, ನೆಲದ ಮೇಲೆ ಹಾಸಿದ್ದ ಒಣ ಉಸುಕಿಗೆ ಸಾವಕಾಶ ಬಗ್ಗಿಸಿದರು. ಕಲ್ಲು ಹರಿಯಿತು. ಕಲ್ಲು ಹರಿದದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಒಂದು ಗೇಣು ದೂರ ಹೋಗಿ, ಮೇಲೆ ಕಪ್ಪು ಕೆನೆ ಕಟ್ಟಿ, ಕೆನೆ ಬಿರಿದಲ್ಲಿ ಒಳಗಿನ ಕೆಂಪು ಕಂಡು, ನಿಂತಿತು. ಆಯಿ ಅದಕ್ಕೆ ಕೈಮುಗಿದರು.

"ಈಗ ಹೇಳ, ನೋಡೇನಿ ಅಂತ" ಎಂದರು ಕಾಕಾ.

ಮಹಾದೇವಿ ತಿದಿಯ ಹತ್ತಿರವೇ ಕೂತಿದ್ದಳು. ಮುಖವೆಲ್ಲ ಮಸಿ, ಕಣ್ಣಿನ ಕೆಳಗೆ ಎರಡು ಗೆರೆ. "ಆದ್ರೂ ಅವತ್ತು ಹೇಳಿದ್ದು ಸುಳ್ಳಲ್ಲೇನು, ಅಪ್ಪಾ?"

"ಸುಳ್ಳು. ಅದನ್ನೂ ಹೇಳ ಹೋಗು. ನಾಳೆ ಸಾಲಿಗೆ ಹೋಗು."

ಮಧ್ಯಾಹ್ನದ ಬಸ್ಸಿಗೆ ನಾವು ಮೂವರೂ ಹತ್ತಿದೆವು. ಅವಳ ಬಟ್ಟೆಯ ಗಂಟನ್ನು ನಾನೇ ಹೊತ್ತು ಹತ್ತಿಸಿದೆ, ಮನಸ್ಸು ಬದಲಾದೀತೆಂಬ ಹೆದರಿಕೆಗೆ.

ಸೋಮವಾರ ಐದನೆಯ ಇಯತ್ತೆಯ ಮುಂದೆ ಮಹಾದೇವಿ ನಿಂತಳು. ನಾನೂ ಕಸ್ತೂರಿಯೂ ಹಿಂದಿನ ಬೆಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. "ಅವತ್ತು ನಾ ಸುಳ್ಳು ಹೇಳಿದ್ನಿ" ಎಂದಳು ಅವಳು, ಒಂದೇ ಉಸಿರಿನಲ್ಲಿ. "ಜ್ವಾಲಾಮುಖಿ ನಾ ನೋಡಿರಲಿಲ್ಲ. ಸವದತ್ತಿ ಕಡೆ ಅದು ಇಲ್ಲ. ಆದ್ರ ನಿನ್ನೆ, ಕಲ್ಲು ಕರಗಿ ಹರದದ್ದನ್ನ ನೋಡಿ ಬಂದೇನಿ. ನಮ್ಮಪ್ಪ ಕಂಬಾರ. ಅವ ತೋರಿಸಿದ." ಆಮೇಲೆ ಎಲ್ಲವನ್ನೂ ಹೇಳಿದಳು. ಒಣಗಿಸಿದ್ದು, ಮೂಸೆ, ತಿದಿ, ಪಾಕದಂಥ ಎಳೆ, ಕೆನೆಗಟ್ಟಿದ್ದು. ಅಷ್ಟು ಚೆನ್ನಾದ ಪಾಠವನ್ನು ನಾನು ಈ ಇಷ್ಟು ವರ್ಷಗಳ ನೌಕರಿಯಲ್ಲಿ ಹೇಳಿಲ್ಲ, ಕೇಳಿಲ್ಲ. ಸುಳ್ಳಿನ ವಿಷಯ ಮಕ್ಕಳಿಗೆ ಆಗಲೇ ಮರೆತುಹೋಗಿತ್ತು.

ರೇಣುಕಾ ಎದ್ದು ನಿಂತಳು.

"ಅಕ್ಕೋರ, ನಿಮ್ಮಪ್ಪಗ ಕೈ ಸುಡಲಿಲ್ಲೇನ್ರಿ?"

ಸಣ್ಣವಳಿದ್ದಾಗಿನಿಂದ ಆ ಬೆಂಕಿಯ ಪಕ್ಕದಲ್ಲಿ ಕೂತು ತಿದಿ ಎಳೆದವಳು ಮಹಾದೇವಿ. ಮೇಜಿನ ಅಂಚನ್ನು ಹಿಡಿದುಕೊಂಡಳು.

"ಗೊತ್ತಿಲ್ಲವಾ" ಎಂದಳು. "ನಾ ಒಮ್ಮಿನೂ ಕೇಳಿಲ್ಲ. ಈ ಸನಿವಾರ ಊರಿಗೆ ಹೋಗಿ, ಕೇಳಿಕೊಂಡು ಬಂದು ಹೇಳತೇನಿ."

ಶನಿವಾರ ಅವಳು ಸಿರಸಂಗಿಗೆ ಹೋದಳು, ಟ್ರಂಕನ್ನು ಕೋಣೆಯಲ್ಲೇ ಬಿಟ್ಟು. ಸೋಮವಾರ ನಾವು ಶಾಲೆಗೆ ಹೋಗುವಷ್ಟರಲ್ಲಿ, ಬಸ್ಸಿಳಿದು ನೇರವಾಗಿ ಬಂದು, ವರ್ಗದಲ್ಲಿ ನಿಂತಿದ್ದಳು. ಹಾಜರಿ ಕರೆಯುವ ಮೊದಲೇ ಆ ಹುಡುಗಿಯನ್ನು ಹತ್ತಿರ ಕರೆದಳು.

"ಕೇಳಿಕೊಂಡು ಬಂದೆ, ರೇಣುಕಾ. ಸುಡತೈತಂತ. ದಿನಾ ಸುಡತೈತಂತ."